ಹೊಸ ಕ್ಯೂ ಆಟದ ಲೀಗಾ? ಮೊದಲು ಒಂದು ಸ್ಟಾಪ್‌ವಾಚ್ ತಗೊಳ್ಳಿ

ಟೇಬಲ್ ಮೇಲೆ ಕ್ಯೂ ಅನ್ನೋ ಕೋಲಿನಿಂದ ಚೆಂಡುಗಳನ್ನು ಪಾಕೆಟ್‌ಗೆ ಬೀಳಿಸೋ ಸ್ನೂಕರ್‌ಗಿಂತ ಬೇಗ ಮುಗಿಯುವ ಆಟವೊಂದನ್ನು ಹುಟ್ಟುಹಾಕಿದ್ದೀರಿ, ಅದನ್ನು ಪ್ರೊಫೆಷನಲ್ ಲೀಗ್ ಮಾಡಿ ಟಿವಿಗೆ ತರಬೇಕು, ಮೊದಲು ಸ್ಪಾನ್ಸರ್ ಹಿಡಿಯಬೇಕಾ ಚಾನೆಲ್ ಹಿಡಿಯಬೇಕಾ ಅಂತ ಕೇಳಿದ್ದೀರಿ. ಇಬ್ಬರನ್ನೂ ಹಿಡಿದು ಕೈ ಸುಟ್ಟುಕೊಂಡವನು ನಾನು. ಹಾಗಾಗಿ ಸ್ವಲ್ಪ ಉದ್ದ ಆದರೂ ಓದಿ.

ಬೆಂಗಳೂರಿನಲ್ಲಿ ಒಂದು ಸ್ನೂಕರ್ ಪಾರ್ಲರ್‌ನಲ್ಲಿ ನನಗೆ ಪಾಲಿತ್ತು. ಸಿಕ್ಸ್ ರೆಡ್ ಆಟಕ್ಕೆ, ಅಂದ್ರೆ ಹದಿನೈದರ ಬದಲು ಆರೇ ಕೆಂಪು ಚೆಂಡಿರೋ ಸ್ನೂಕರ್‌ಗೆ, ನಾವೊಂದು ಒಗ್ಗರಣೆ ಹಾಕಿದೆವು. ಪ್ರತಿ ಫ್ರೇಮ್‌ಗೂ (ಒಂದು ಸುತ್ತಿನ ಆಟಕ್ಕೂ) ಟಾಸ್ ಹಾಕಿ ಒಂದು ಪಾಕೆಟ್ ಆರಿಸೋದು, ಅದಕ್ಕೆ ಬಿದ್ದ ಚೆಂಡಿಗೆ ಡಬಲ್ ಪಾಯಿಂಟ್. ಪಾರ್ಲರ್‌ನಲ್ಲಿ ಹುಡುಗರು ಕುಣಿದಾಡಿಬಿಟ್ಟರು. ನಾಲ್ಕು ಜನ ಸೇರಿ ದುಡ್ಡು ಹಾಕಿದೆವು. ಒಬ್ಬ ಪ್ಲೈವುಡ್ ವ್ಯಾಪಾರಿ ಸ್ಪಾನ್ಸರ್ ಆದ. ಒಂದು ಚಾನೆಲ್‌ನಲ್ಲಿ ಸಂಜೆ ಹೊತ್ತಿನ ಒಂದು ಗಂಟೆಯ ಸ್ಲಾಟನ್ನು ನಾವೇ ದುಡ್ಡು ಕೊಟ್ಟು ಕೊಂಡೆವು. ಚಾನೆಲ್‌ನವರು ನಮಗೆ ದುಡ್ಡು ಕೊಡ್ತಾರೆ ಅಂತ ನೀವೇನಾದ್ರೂ ಅಂದುಕೊಂಡಿದ್ರೆ ಅದನ್ನು ಇವತ್ತೇ ಮರೆತುಬಿಡಿ. ಚಿಕ್ಕ ಆಟಗಳಿಗೆ ಲೆಕ್ಕ ಉಲ್ಟಾ.

ಜಾಗಕ್ಕೆ ಆಷಾಢದಲ್ಲಿ ಖಾಲಿ ಬಿದ್ದಿದ್ದ ಒಂದು ಕಲ್ಯಾಣ ಮಂಟಪ ಸಿಕ್ಕಿತು. ಬಾಡಿಗೆ ಅಗ್ಗ. ಆದರೆ ಹನ್ನೆರಡು ಅಡಿ ಟೇಬಲ್ ಅಂದ್ರೆ ಮಂಚ ಅಲ್ಲ. ಒಳಗೆ ಐದು ಸ್ಲೇಟ್ ಕಲ್ಲು, ಒಂದೊಂದನ್ನು ಎತ್ತೋಕೂ ನಾಲ್ಕು ಜನ ಬೇಕು. ಜೋಡಿಸಿ, ಲೆವೆಲ್ ನೋಡಿ, ಬಟ್ಟೆ ಎಳೆದು ಕೂರಿಸೋ ಹೊತ್ತಿಗೆ ಹೊರಗೆ ಜಿಟಿಜಿಟಿ ಮಳೆ. ದೊಡ್ಡ ಟೂರ್ನಿಗಳಲ್ಲಿ ಟೇಬಲ್ ಅಡಿಯಲ್ಲಿ ಹೀಟರ್ ಇರುತ್ತೆ. ನಮಗೆಲ್ಲಿ? ಬಟ್ಟೆ ಥಂಡಿ ಹಿಡಿದು ಚೆಂಡು ಅರ್ಧ ದಾರಿಗೇ ನಿಲ್ಲೋಕೆ ಶುರುವಾಯ್ತು. ಒಳ್ಳೊಳ್ಳೆ ಆಟಗಾರರೂ ಸುಲಭದ ಚೆಂಡು ಬಿಟ್ಟರು.

ಇಷ್ಟಾದರೂ ಲೀಗ್ ಸುಮಾರಾಗಿ ನಡೀತು. ಮುಳುಗಿಸಿದ್ದು ಬೇರೆ. ಅದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲೂ ಅದೇ ವಾಸನೆ ಬರ್ತಿದೆ. "ಒಂದು ಶಾಟ್‌ಗೆ 25 ಸೆಕೆಂಡ್ ಮಿತಿ ಇದೆ, ಹಾಗಾಗಿ ಆಟ ಫಾಸ್ಟ್" ಅಂತ ಬರೆದಿದ್ದೀರಲ್ಲ, ನಾವೂ ಹಾಗೇ ಅಂದುಕೊಂಡಿದ್ದೆವು.

ಒಂದು ಗಂಟೆಯ ಸ್ಲಾಟ್‌ನಲ್ಲಿ 12 ನಿಮಿಷ ಜಾಹೀರಾತಿಗೆ ಹೋಗುತ್ತೆ. ಉಳಿದದ್ದು 48. ಸಿಕ್ಸ್ ರೆಡ್ ಫ್ರೇಮ್ ಪೂರ್ತಿ ಖಾಲಿಯಾಗಲು ಕಮ್ಮಿ ಅಂದ್ರೂ 18 ಪಾಟ್ ಬೇಕು, ಅಂದ್ರೆ 18 ಸಲ ಚೆಂಡು ಪಾಕೆಟ್‌ಗೆ ಬೀಳಬೇಕು: ಆರು ಕೆಂಪು, ಪ್ರತಿ ಕೆಂಪಿನ ಹಿಂದೆ ಒಂದೊಂದರಂತೆ ಆರು ಬಣ್ಣ (ಇವನ್ನು ತೆಗೆದು ಮತ್ತೆ ಟೇಬಲ್ ಮೇಲಿಡ್ತಾರೆ), ಕೊನೆಗೆ ಮತ್ತೆ ಆರು ಬಣ್ಣ. ಮಿಸ್ಸು, ಸೇಫ್ಟಿ (ಎದುರಾಳಿಗೆ ಸುಲಭದ ಚೆಂಡು ಸಿಗದ ಹಾಗೆ ಆಡೋದು) ಅಂತ ಇನ್ನೊಂದು ಹತ್ತು ಸೇರಿಸಿ 28 ಶಾಟ್. ಯಾರೂ ಪೂರ್ತಿ 25 ಸೆಕೆಂಡ್ ತಗೊಳ್ಳಲ್ಲ, ಸರಾಸರಿ 20 ಅಂತ ಹಿಡಿದೆವು. ಫ್ರೇಮ್‌ಗೆ ಒಂಬತ್ತು ನಿಮಿಷ ಚಿಲ್ಲರೆ, ಐದು ಫ್ರೇಮ್‌ಗೆ 47 ನಿಮಿಷ. 48ರೊಳಗೆ ಸರಿಯಾಗಿ ಕೂತಿತು! ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

ಆದರೆ ಶಾಟ್ ಕ್ಲಾಕ್ ಶುರುವಾಗೋದು ಯಾವಾಗ? ಹಿಂದಿನ ಶಾಟ್‌ನ ಚೆಂಡುಗಳೆಲ್ಲ ನಿಂತ ಮೇಲೆ. ಚೆಂಡು ಉರುಳುವ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲ. ಬಣ್ಣದ ಚೆಂಡು ಬಿದ್ದರೆ ರೆಫ್ರಿ ಬಗ್ಗಿ ಪಾಕೆಟ್‌ನಿಂದ ತೆಗೀಬೇಕು, ಒರೆಸಬೇಕು, ಸುತ್ತು ಹಾಕಿ ಬಂದು ಅದರ ಜಾಗದಲ್ಲಿಡಬೇಕು, ಪಕ್ಕಕ್ಕೆ ಸರೀಬೇಕು. ಆಮೇಲಷ್ಟೇ ಗಡಿಯಾರ. ಒಂದೊಂದು ಶಾಟ್‌ಗೂ ಹೀಗೆ 12 ಸೆಕೆಂಡ್ ಅಂತ ಸೇರಿಸಿ ನೋಡಿ. 20 ಇದ್ದದ್ದು 32 ಆಯ್ತು. ಫ್ರೇಮ್ 15 ನಿಮಿಷ, ಐದು ಫ್ರೇಮ್ 75 ನಿಮಿಷ. ಆಟಗಾರರ ತಪ್ಪೇನೂ ಇಲ್ಲ, ಒಬ್ಬನೂ ಮಿತಿ ಮೀರಿಲ್ಲ. ಆದರೂ ಅರ್ಧ ಗಂಟೆ ಹತ್ತಿರ ಜಾಸ್ತಿ.

ಇದು ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಬಹುದು. ಲೀಗ್ ಪಂದ್ಯಗಳೆಲ್ಲ ರೆಕಾರ್ಡೆಡ್. ಎಡಿಟಿಂಗ್ ಹುಡುಗ ಉರುಳೋದು, ನಡೆಯೋದು, ಚಾಕ್ ಹಚ್ಚೋದು ಎಲ್ಲ ಕತ್ತರಿಸಿ ನೀಟಾಗಿ 48 ನಿಮಿಷಕ್ಕೆ ತಂದುಕೊಡುತ್ತಿದ್ದ. ಟಿವಿಯಲ್ಲಿ ನಮ್ಮ ಆಟ ನಮಗೇ ಮಿಂಚಿನ ಹಾಗೆ ಕಾಣ್ತಿತ್ತು. ಫೈನಲ್ ಮಾತ್ರ ಲೈವ್ ಇಟ್ಟೆವು.

ಫೈನಲ್ 2-2 ಆಯ್ತು. ಐದನೇ ಫ್ರೇಮ್ ಶುರುವಾಗಿ ಎರಡು ಕೆಂಪು ಬೀಳೋಷ್ಟರಲ್ಲೇ ಸ್ಲಾಟ್ ಮುಗಿಯಿತು. ಚಾನೆಲ್‌ನವರ ಕೈಕಾಲು ಹಿಡಿದು ಹತ್ತು ನಿಮಿಷ ಜಾಸ್ತಿ ಪಡೆದೆವು, ಅದಕ್ಕೂ ಬೇರೆ ದುಡ್ಡು. ಆಟ ಕೊನೆಯ ಎರಡು ಚೆಂಡು, ಪಿಂಕ್ ಮತ್ತು ಬ್ಲ್ಯಾಕ್‌ಗೆ ಬಂತು. ಡಬಲ್ ಪಾಕೆಟ್ ಇರೋದ್ರಿಂದ ಇಬ್ಬರಿಗೂ ಗೆಲ್ಲೋ ಅವಕಾಶ. ಇಬ್ಬರೂ ಸೇಫ್ಟಿಗಿಳಿದರು. ಪಿಂಕ್ ಆ ಕುಶನ್, ಈ ಕುಶನ್. ಪ್ರತಿ ಸಲ ನಿಯಮ ಪ್ರಕಾರವೇ 25 ಸೆಕೆಂಡ್. ಮಂಟಪದ ಬಾಗಿಲ ಹತ್ತಿರ ಒಂದು ಟಿವಿ ಇಟ್ಟಿದ್ದೆವು. ಅಲ್ಲಿ ನಿಂತಿದ್ದವರು ಇದ್ದಕ್ಕಿದ್ದ ಹಾಗೆ "ಅಯ್ಯೋ" ಅಂದರು. ತಿರುಗಿ ನೋಡಿದರೆ ಮಂಡಿನೋವಿನ ಎಣ್ಣೆ ಟೆಲಿಶಾಪಿಂಗ್! ಎರಡು ನಿಮಿಷಕ್ಕೆ ಸ್ಪಾನ್ಸರ್ ಫೋನು: "ಏನ್ರೀ, ಗೆದ್ದಿದ್ದು ಯಾರು?" ಅವನ ಬ್ಯಾನರ್ ದೊಡ್ಡದಾಗಿ ಕಾಣಬೇಕಿದ್ದದ್ದು ಬಹುಮಾನ ಕೊಡುವಾಗ. ಅದು ಟಿವಿಯಲ್ಲಿ ಬರಲೇ ಇಲ್ಲ. ಬಾಕಿ ದುಡ್ಡೂ ಬರಲಿಲ್ಲ. ಕೇಳೋಕೆ ನನಗೆ ಮುಖವೂ ಇರಲಿಲ್ಲ.

ಆಮೇಲೆ ಕೂತು ಬೇರೆಯವರು ಏನು ಮಾಡಿದ್ದಾರೆ ಅಂತ ಓದಿದೆ. ಮೊದಲೇ ಓದಬೇಕಿತ್ತು, ಬಿಡಿ. ಇಂಗ್ಲೆಂಡಿನ ಸ್ನೂಕರ್ ಶೂಟ್ ಔಟ್ ನೋಡಿ. ಪಂದ್ಯ ಅಂದ್ರೆ ಒಂದೇ ಫ್ರೇಮ್, ಹತ್ತೇ ನಿಮಿಷ. ಮೊದಲ ಐದು ನಿಮಿಷ ಶಾಟ್‌ಗೆ 15 ಸೆಕೆಂಡ್, ಆಮೇಲೆ 10. ಮುಖ್ಯ ಏನಂದ್ರೆ ಆ ಹತ್ತು ನಿಮಿಷದ ದೊಡ್ಡ ಗಡಿಯಾರ ಚೆಂಡು ಉರುಳುವಾಗಲೂ ಓಡ್ತಾನೇ ಇರುತ್ತೆ. ಅದಕ್ಕೂ ಎಷ್ಟೋ ಮುಂಚೆ, 1969ರಲ್ಲಿ, ಬಿಬಿಸಿ ಹೊಸ ಕಲರ್ ಟಿವಿಯನ್ನು ತೋರಿಸೋಕೆ ಅಂತಲೇ ಪಾಟ್ ಬ್ಲ್ಯಾಕ್ ಶುರು ಮಾಡಿದಾಗಲೂ ಪಂದ್ಯಕ್ಕೆ ಒಂದೇ ಫ್ರೇಮ್. ಟಿವಿಯವರಿಗೆ ಬೇಕಿರೋದು ಆಟ ಎಷ್ಟು ಹೊತ್ತಿಗೆ ಮುಗಿಯುತ್ತೆ ಅನ್ನೋ ಖಾತ್ರಿ. ವೇಗ ಆಮೇಲಿನ ಮಾತು.

ಇಲ್ಲೇ ನಿಮ್ಮ ಜೊತೆ ನನ್ನ ಜಗಳ. ನಿಧಾನ ಅಂತ ಜನ ಸ್ನೂಕರ್ ನೋಡಲ್ಲ, ಅದಕ್ಕೇ ಹೊಸ ಆಟ ಬೇಕು ಅಂತೀರಿ. 1985ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್, ಡೆನಿಸ್ ಟೇಲರ್ ಮತ್ತು ಸ್ಟೀವ್ ಡೇವಿಸ್. 35 ಫ್ರೇಮ್‌ಗಳ ಪಂದ್ಯ ಕೊನೇ ಫ್ರೇಮಿನ ಕೊನೇ ಬ್ಲ್ಯಾಕ್‌ವರೆಗೆ ಹೋಯ್ತು. ಆ ಒಂದು ಫ್ರೇಮೇ 68 ನಿಮಿಷ. ನಡುರಾತ್ರಿ ಕಳೆದ ಮೇಲೂ 1.85 ಕೋಟಿ ಬ್ರಿಟಿಷರು ಕಣ್ಣು ಮಿಟುಕಿಸದೆ ಕೂತಿದ್ದರು. ಬಿಬಿಸಿ ಮಧ್ಯೆ ಎಣ್ಣೆ ಜಾಹೀರಾತು ಹಾಕಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ಕಡೆ ಪವರ್ ಸ್ನೂಕರ್ ನೋಡಿ. 2010ರಲ್ಲಿ ಲಂಡನ್‌ನಲ್ಲಿ ಭರ್ಜರಿಯಾಗಿ ಶುರುವಾಯ್ತು. ಒಂಬತ್ತು ಕೆಂಪು, ನಡುವೆ ಪವರ್ ಬಾಲ್, ಅದು ಬಿದ್ದರೆ ಸ್ವಲ್ಪ ಹೊತ್ತು ಡಬಲ್ ಪಾಯಿಂಟ್, ಅರ್ಧ ಗಂಟೆಗೆ ಪಂದ್ಯ ಖತಂ. ಗೆದ್ದದ್ದು ರಾನಿ ಓ'ಸಲಿವನ್. ಅವನಿಗಿಂತ ದೊಡ್ಡ ಹೆಸರು ನಿಮಗೆಲ್ಲಿ ಸಿಗುತ್ತೆ? ಆದರೂ 2011ರ ಎರಡನೇ ಟೂರ್ನಿ ಆದಮೇಲೆ ಅದು ನಿಂತುಹೋಯ್ತು. ಡಬಲ್ ಪಾಯಿಂಟ್ ನೋಡಿ ಜನ ಬರ್ತಾರೆ ಅಂತ ನಾನೂ ನಂಬಿದ್ದೆ. ಬರ್ತಾರೆ, ಒಂದ್ಸಲ. ಅರ್ಧದಲ್ಲಿ ಚಾನೆಲ್ ತಿರುಗಿಸಿ ಬಂದವನಿಗೆ ಯಾರು ಮುಂದಿದ್ದಾರೆ ಅಂತಲೇ ತಿಳಿಯಲ್ಲ. ಮಾಮೂಲಿ ಸ್ನೂಕರ್‌ನಲ್ಲಾದರೆ ಸ್ಕೋರು ಮತ್ತು ಟೇಬಲ್ ಮೇಲೆ ಉಳಿದ ಚೆಂಡು ನೋಡಿದ್ರೆ ಸಾಕು.

ಬೇಗ ಮುಗಿಯೋ ಆಟವೇ ಬೇಕಂದ್ರೆ ಸಿಕ್ಸ್ ರೆಡ್ ಇದೆಯಲ್ಲ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2014ರಲ್ಲಿ ಅದರ ವಿಶ್ವ ಚಾಂಪಿಯನ್ ಆದವರು. ನಿಯಮ ಗೊತ್ತಿರೋ ರೆಫ್ರಿಗಳಿದ್ದಾರೆ, ಆಟಗಾರರಿದ್ದಾರೆ. ಅದನ್ನೇ ತಗೊಂಡು ಮೇಲೆ ಒಂದು ದೊಡ್ಡ ಗಡಿಯಾರ ಇಡಿ. ಹೊಸ ಹೆಸರಿನ ಆಟಕ್ಕೆ ಕರೆದರೆ ಒಳ್ಳೆ ಆಟಗಾರರು ಮೊದಲು ಕೇಳೋದು, "ಇದಕ್ಕೆ ರ್‍ಯಾಂಕಿಂಗ್ ಇದೆಯಾ?" ಅಂತ. ಅವರ ನೌಕರಿ, ಪ್ರಮೋಷನ್ ಎಲ್ಲ ಅದರ ಮೇಲೇ ನಿಂತಿರುತ್ತೆ. ರಾಜ್ಯ, ರಾಷ್ಟ್ರೀಯ ಟೂರ್ನಿಗಳ ದಿನಾಂಕಕ್ಕೆ ಡಿಕ್ಕಿ ಹೊಡೆದರೆ ನಿಮ್ಮ ಕಡೆ ಒಬ್ಬರೂ ತಿರುಗಿ ನೋಡಲ್ಲ. ವಸಂತನಗರದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಗೆ ಹೋಗಿ ವರ್ಷದ ಪಟ್ಟಿ ಕೇಳಿಕೊಂಡು, ಆಮೇಲೆ ದಿನ ಗೊತ್ತು ಮಾಡಿ.

ಬಹುಮಾನದ ಹಣ ಮಾತ್ರ ಘೋಷಣೆಗೆ ಮುಂಚೆಯೇ ಬ್ಯಾಂಕಿನಲ್ಲಿರಲಿ. 2006ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಪೂಲ್ ಟೂರ್‌ನವರು ರೀನೋದಲ್ಲಿ ಗೆದ್ದವನಿಗೆ ಐದು ಲಕ್ಷ ಡಾಲರ್ ಅಂದರು. ಗೆದ್ದದ್ದು ಎಫ್ರೆನ್ ರೇಯೆಸ್. ಹಣ ಮಾತ್ರ ಕೈಗೆ ಒಟ್ಟಿಗೆ ಬರಲಿಲ್ಲ. ಆ ಟೂರ್ ಮತ್ತೆ ತಲೆ ಎತ್ತಲಿಲ್ಲ.

ಚಾನೆಲ್ ಸ್ಲಾಟ್ ಕೊಳ್ಳಬೇಡಿ, ಯೂಟ್ಯೂಬ್ ಸಾಕು. ಟೇಬಲ್ ಮೇಲಿಂದ ಒಂದು ಕ್ಯಾಮೆರಾ, ಟೇಬಲಿನ ತುದಿಯಲ್ಲಿ ಒಂದು. ಎಲ್‌ಇಡಿ ದೀಪ ಮಿನುಗುತ್ತಾ ಅಂತ ಹಿಂದಿನ ದಿನವೇ ಕ್ಯಾಮೆರಾದಲ್ಲಿ ನೋಡಿ, ಬರಿಗಣ್ಣಿಗೆ ಕಾಣಲ್ಲ. ಕಾಮೆಂಟರಿಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ. ನಾವು ಟೇಬಲ್ ಪಕ್ಕದಲ್ಲೇ ಕೂರಿಸಿದ್ದೆವು. ಒಬ್ಬ ಪಾಪ ಕ್ರಿಕೆಟ್ ಉತ್ಸಾಹದಲ್ಲಿ "ಇದು ಖಂಡಿತಾ ಮಿಸ್ ಆಗುತ್ತೆ" ಅಂತ ಮೈಕಿನಲ್ಲಿ ಅಂದ. ಬಗ್ಗಿದ್ದ ಆಟಗಾರ ಎದ್ದು ನಿಂತು ಅವನ ಮುಖ ನೋಡಿದ. ಶಾಟ್ ಕ್ಲಾಕ್ ಓಡ್ತಾ ಇತ್ತು.

ಇನ್ನು ನಿಮ್ಮ ನಿಯಮಗಳ ಕಾಗದ ನನಗೆ ಕಳಿಸೋದಾದ್ರೆ, ಎಡಿಟ್ ಮಾಡದ ಒಂದು ಪೂರ್ತಿ ಪಂದ್ಯದ ವಿಡಿಯೋ ಜೊತೆಗಿಡಿ. ಸ್ಟಾಪ್‌ವಾಚ್ ಹಿಡಿದು ನೋಡ್ತೀನಿ.