ಟೆಕ್ಸಾಸ್ ಮನೆ ತೆರಿಗೆ: ಏಪ್ರಿಲ್‌ನಲ್ಲಿ ಬಂದ ನೋಟಿಸಿಗೆ ಪ್ರೊಟೆಸ್ಟ್ ಹಾಕುವುದು ಹೇಗೆ

ನಮಸ್ಕಾರ ಮೇಡಂ. ಈ ಕೈತೋಟದ ಗುಂಪಿನಲ್ಲಿ ಟೊಮೆಟೊ ಸಸಿಗಳ ನಡುವೆ ತೆರಿಗೆಯ ಮಾತು ಯಾಕೆ ಅಂತ ಕೆಲವರು ಕೇಳಿದ್ದಾರೆ. ಆದರೆ ಹಿತ್ತಲು ಇಟ್ಟುಕೊಂಡವರೆಲ್ಲ ಮನೆ ಇಟ್ಟುಕೊಂಡವರೇ ತಾನೆ, ಹಾಗಾಗಿ ಇಲ್ಲೇ ಬರೆಯುತ್ತೇನೆ.

ನೀವು ಹೇಳಿದ ಲೆಕ್ಕ ಹೀಗಿದೆ: ಕಳೆದ ಜುಲೈನಲ್ಲಿ 4,90,000 ಡಾಲರಿಗೆ ಮನೆ ಕೊಂಡಿರಿ. ಆಗ ಕೌಂಟಿ (ಜಿಲ್ಲೆ) ದಾಖಲೆಯಲ್ಲಿ ಅಪ್ರೈಸ್ಡ್ ಮೌಲ್ಯ (ತೆರಿಗೆಗೆ ಹಿಡಿಯುವ ಬೆಲೆ) 3,90,000 ಇತ್ತು. ಈ ವರ್ಷದ ಮೌಲ್ಯ ತಿಳಿಸಲು ಈಗ ಬಂದ ನೋಟಿಸಿನಲ್ಲಿ 5,20,000. "ಹೋಮ್‌ಸ್ಟೆಡ್ ಇದ್ದರೆ ವರ್ಷಕ್ಕೆ 10% ಮೇಲೆ ಏರಿಸಬಾರದಲ್ಲವೇ?" ಎಂಬುದು ನಿಮ್ಮ ಪ್ರಶ್ನೆ. (ಹೋಮ್‌ಸ್ಟೆಡ್ ಅಂದರೆ ತಾವೇ ವಾಸವಿರುವ ಮುಖ್ಯ ಮನೆಗೆ ಸಿಗುವ ತೆರಿಗೆ ರಿಯಾಯಿತಿ.)

ಏರಿಸಬಾರದು ನಿಜ, ಆದರೆ ಆ ಮಿತಿ ಮನೆಗಲ್ಲ, ಮಾಲೀಕರಿಗೆ. 3,90,000 ಎಂಬುದು ನಿಮಗೆ ಮಾರಿದವರ ಕ್ಯಾಪ್, ಅಂದರೆ ಅವರ ಏರಿಕೆ ಮಿತಿಯೊಳಗಿನ ಮೌಲ್ಯ. ಮನೆ ಕೈ ಬದಲಾದ ಮೇಲಿನ ಜನವರಿ 1ಕ್ಕೆ ಅದು ಬಿದ್ದುಹೋಗುತ್ತದೆ. ನಿಮ್ಮ ಹೋಮ್‌ಸ್ಟೆಡ್ 2026ರಿಂದ ಶುರುವಾದರೆ ನಿಮ್ಮ ಕ್ಯಾಪ್ ಹಿಡಿಯುವುದು 2027ರಿಂದ, ಅದೂ 2026ರ ಮೌಲ್ಯದ ಮೇಲೆ. ಹಾಗಾಗಿ ಹೊಸದಾಗಿ ಕೊಂಡವರು ಪ್ರೊಟೆಸ್ಟ್ (ಮೌಲ್ಯಕ್ಕೆ ಆಕ್ಷೇಪಣೆ) ಹಾಕದೆ ಬಿಡಲೇಬಾರದ ವರ್ಷ ಇದು. 5,20,000 ಹಾಗೇ ನಿಂತರೆ ಮುಂದಿನ ವರ್ಷದ ಮಿತಿ 5,72,000. 4,90,000ಕ್ಕೆ ಇಳಿದರೆ 5,39,000. ಒಟ್ಟು ದರ 2% ಎಂದಿಟ್ಟುಕೊಂಡರೆ ಈ ವರ್ಷವೇ 600 ಡಾಲರ್ ಉಳಿಯುತ್ತದೆ.

ಮೊದಲು ಹೋಮ್‌ಸ್ಟೆಡ್ ಅರ್ಜಿ ಹಾಕಿದ್ದೀರಾ ನೋಡಿ. ಫಾರ್ಮ್ 50-114, ಏಪ್ರಿಲ್ 30ರೊಳಗೆ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟಿಗೆ (ಮನೆಗಳ ಮೌಲ್ಯ ಕಟ್ಟುವ ಕಚೇರಿ). ಡ್ರೈವಿಂಗ್ ಲೈಸೆನ್ಸಿನ ವಿಳಾಸ ಈ ಮನೆಯದೇ ಆಗಿರಬೇಕು. ಹಳೆಯ ಅಪಾರ್ಟ್‌ಮೆಂಟ್ ವಿಳಾಸ ಉಳಿದುಕೊಂಡೇ ಎಷ್ಟೋ ಅರ್ಜಿ ವಾಪಸಾಗುತ್ತವೆ. ಪೌರತ್ವ ಕೇಳುವುದಿಲ್ಲ, ನೀವು ವಾಸವಿರುವ ಮುಖ್ಯ ಮನೆ ಆಗಿದ್ದರೆ ಸಾಕು. ಶಾಲಾ ತೆರಿಗೆಯ ಲೆಕ್ಕದಲ್ಲಿ 1,40,000 ಡಾಲರ್ ಬಿಟ್ಟುಕೊಡುತ್ತಾರೆ (2025ರಿಂದ, ಅದಕ್ಕೆ ಮುಂಚೆ 1,00,000 ಇತ್ತು). ಶಾಲಾ ದರ ನೂರಕ್ಕೆ 1 ಡಾಲರ್ ಅಂದುಕೊಂಡರೂ ವರ್ಷಕ್ಕೆ 1,400. ತಡವಾದರೂ ಎರಡು ವರ್ಷದವರೆಗೆ ಹಿಂದಿನದಕ್ಕೂ ಅರ್ಜಿ ಹಾಕಬಹುದು. ಇದಕ್ಕೆ ಶುಲ್ಕ ಇಲ್ಲ. ಸರ್ಕಾರಿ ಕಾಗದದಂತೆ ಕಾಣುವ ಪತ್ರ ಕಳಿಸಿ "ನಾವು ಹಾಕಿಕೊಡುತ್ತೇವೆ, ಇಷ್ಟು ಕೊಡಿ" ಅನ್ನುವವರಿಗೆ ಒಂದು ಸೆಂಟೂ ಕೊಡಬೇಡಿ.

ಇನ್ನು ಪ್ರೊಟೆಸ್ಟ್. ಕೊನೆಯ ದಿನ ಮೇ 15, ಅಥವಾ ನೋಟಿಸ್ ಕಳಿಸಿದ 30ನೇ ದಿನ, ಯಾವುದು ಆಮೇಲೆ ಬರುತ್ತದೋ ಅದು. 2026ರಲ್ಲಿ ಮೇ 15 ಶುಕ್ರವಾರ. ಫಾರ್ಮ್ 50-132, ಅಥವಾ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲೇ. ನೋಟಿಸಿನಲ್ಲಿ ಪಿನ್ ನಂಬರ್ ಇರುತ್ತದೆ. ಶುಲ್ಕ ಇಲ್ಲ. ಕಾರಣ ಕೇಳುವ ಜಾಗದಲ್ಲಿ ಎರಡಕ್ಕೂ ಟಿಕ್ ಹಾಕಿ: ಮಾರುಕಟ್ಟೆ ಮೌಲ್ಯ ಸರಿಯಿಲ್ಲ ಎಂಬುದಕ್ಕೊಂದು, ಅಕ್ಕಪಕ್ಕದ ಮನೆಗಳಿಗೆ ಹೋಲಿಸಿದರೆ ಅಸಮಾನವಾಗಿದೆ ಎಂಬುದಕ್ಕೊಂದು. ಒಂದಕ್ಕೇ ಹಾಕಿದವರಿಗೆ ವಿಚಾರಣೆಯಲ್ಲಿ ಇನ್ನೊಂದರ ಮಾತು ಎತ್ತಲು ಆಗದೆ ಬಾಯಿ ಕಟ್ಟಿದಂತಾಗುತ್ತದೆ. ಪ್ರೊಟೆಸ್ಟ್ ಹಾಕಿದರೆ ಸಿಟ್ಟಿಗೆ ಇನ್ನೂ ಏರಿಸಿಬಿಟ್ಟಾರು ಎಂಬ ಭಯ ನಮ್ಮವರಲ್ಲಿ ಬಹಳ. ಡಿಸ್ಟ್ರಿಕ್ಟ್ ದಾಖಲೆಯಲ್ಲಿ ಇರುವುದಕ್ಕಿಂತ ಹೆಚ್ಚು ಮಾಡಲು ಪ್ರೊಟೆಸ್ಟ್ ವಿಚಾರಿಸುವ ಬೋರ್ಡಿಗೆ ಅಧಿಕಾರವಿಲ್ಲ, ನೀವೇ ಒಪ್ಪಿದರೆ ಮಾತ್ರ.

ಪ್ರೊಟೆಸ್ಟ್ ಹಾಕಿದ ದಿನವೇ ಡಿಸ್ಟ್ರಿಕ್ಟಿನ ಎವಿಡೆನ್ಸ್ ಪ್ಯಾಕೆಟ್ ಕೊಡಿ ಎಂದು ಬರೆದು ಕೇಳಿ. ಇದನ್ನು ಬಿಡುವವರೇ ಹೆಚ್ಚು. ವಿಚಾರಣೆಗೆ 14 ದಿನ ಮುಂಚೆ ಅವರ ಸಾಕ್ಷ್ಯ ನಿಮಗೆ ಸಿಗುವಂತಿರಬೇಕು. ಕೇಳಿದ್ದನ್ನು ಕೊಡದಿದ್ದರೆ ಅದನ್ನು ಅವರು ವಿಚಾರಣೆಯಲ್ಲಿ ಬಳಸುವಂತಿಲ್ಲ. ಟೆಕ್ಸಾಸಿನಲ್ಲಿ ಮಾರಾಟದ ಬೆಲೆ ಸಾರ್ವಜನಿಕ ದಾಖಲೆಯಲ್ಲ, ಆದ್ದರಿಂದ ಅವರು ಯಾವ ಯಾವ ಮಾರಾಟ ಹಿಡಿದು ನಿಮಗೆ 5,20,000 ಕಟ್ಟಿದ್ದಾರೆ ಎಂದು ತಿಳಿಯುವುದು ಆ ಪ್ಯಾಕೆಟ್ಟಿನಿಂದಲೇ.

ನಿಮ್ಮ ಮಟ್ಟಿಗೆ ಮೊದಲ ಅಸ್ತ್ರ ಕ್ಲೋಸಿಂಗ್ ಸ್ಟೇಟ್‌ಮೆಂಟ್ (ಮನೆ ಕೊಂಡಾಗ ಕೊಟ್ಟ ಅಂತಿಮ ಲೆಕ್ಕಪತ್ರ). ಕೊಂಡ ಬೆಲೆ ನೋಟಿಸಿಗಿಂತ 30,000 ಕಡಿಮೆ, ಮೌಲ್ಯ ಕಟ್ಟುವ ದಿನವಾದ ಜನವರಿ 1ಕ್ಕೆ ಆರು ತಿಂಗಳೊಳಗಿನ ಮಾರಾಟ. ಎಲ್ಲ ಪುಟ, ಸಹಿ ಸಮೇತ ಕೊಡಿ. (ನೋಟಿಸಿಗಿಂತ ಹೆಚ್ಚು ಕೊಟ್ಟು ಕೊಂಡವರು ಇದನ್ನು ತೋರಿಸಬೇಕಾಗಿಲ್ಲ. ಬೆಲೆ ಹೇಳಬೇಕೆಂಬ ಕಡ್ಡಾಯ ಇಲ್ಲಿಲ್ಲ.) ಆಮೇಲೆ ದುರಸ್ತಿ. ಆಸ್ಟಿನ್, ಡಲ್ಲಾಸ್ ಕಡೆಯ ಕರಿ ಜೇಡಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಫೌಂಡೇಷನ್ ಬಿರುಕು ಮಾಮೂಲಿ. ಬಿರುಕಿನ ಪಕ್ಕ ಟೇಪು ಹಿಡಿದು, ಅಗಲ ಓದಲು ಬರುವಂತೆ ಫೋಟೋ ತೆಗೆಯಿರಿ. ಜೊತೆಗೆ ಕಂಟ್ರಾಕ್ಟರ್ ಲೆಟರ್‌ಹೆಡ್ಡಿನಲ್ಲಿ, ನಿಮ್ಮ ವಿಳಾಸ ಹಾಕಿ, ಬಾಬ್ತುವಾರು ಬರೆದ ಎಸ್ಟಿಮೇಟ್. ಬರೀ ಫೋಟೋಗೆ "ಎಲ್ಲ ಮನೆಯಲ್ಲೂ ಇದ್ದದ್ದೇ" ಅಂದುಬಿಡುತ್ತಾರೆ. ಅಂಕಿ ಇದ್ದರೆ ಹಾಗೆ ಅನ್ನುವುದು ಕಷ್ಟ. ಬಿರುಕು ಜನವರಿ 1ಕ್ಕೇ ಇತ್ತು ಎಂಬುದಕ್ಕೆ ಕೊಳ್ಳುವಾಗಿನ ಇನ್‌ಸ್ಪೆಕ್ಷನ್ ವರದಿ ಲಗತ್ತಿಸಿ.

ಡಿಸ್ಟ್ರಿಕ್ಟ್ ದಾಖಲೆಯಲ್ಲಿ ನಿಮ್ಮ ಮನೆಯ ನಕ್ಷೆಯನ್ನೂ ಒಮ್ಮೆ ತೆರೆದು ನೋಡಿ. ಹೊರಗೋಡೆ ಅಳೆದು ಹಾಕಿದ ಚದರಡಿ ಅದು. ಎರಡಂತಸ್ತಿನ ಮನೆಯಲ್ಲಿ ಹಾಲ್ ಮೇಲೆ ಛಾವಣಿಯವರೆಗೆ ಖಾಲಿ ಬಿಟ್ಟಿದ್ದರೆ, ಆ ಖಾಲಿ ಜಾಗವನ್ನೂ ಮೇಲಂತಸ್ತಿನ ನೆಲವೆಂದು ಸೇರಿಸಿರುವ ತಪ್ಪು ಆಗಾಗ ಸಿಗುತ್ತದೆ. ಹಳೆಯ ಮಾಲೀಕರು ಕಿತ್ತುಹಾಕಿದ ಶೆಡ್ ಕೂಡ ಪಟ್ಟಿಯಲ್ಲಿ ಉಳಿದಿರಬಹುದು.

ಆದರೆ ನನ್ನನ್ನು ಕೇಳಿದರೆ ಅಸಮಾನತೆಯ ವಾದವೇ ಹೆಚ್ಚು ಗಟ್ಟಿ, ಯಾಕೆಂದರೆ ಅದಕ್ಕೆ ಬೇಕಾದ ಅಂಕಿಗಳೆಲ್ಲ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲೇ ಬಿದ್ದಿವೆ. ನಿಮ್ಮದೇ ನೆರೆಹೊರೆ ಕೋಡ್ (ದಾಖಲೆಯಲ್ಲಿ ಬಡಾವಣೆಗೆ ಕೊಟ್ಟ ಗುರುತು), ನಿಮ್ಮದೇ ಕಟ್ಟಡದ ಕ್ಲಾಸ್ (ಗುಣಮಟ್ಟದ ದರ್ಜೆ), ಕಟ್ಟಿದ ವರ್ಷ ಐದು ಹಿಂದೆ ಮುಂದೆ, ಚದರಡಿ 10ರಿಂದ 15% ಒಳಗೆ ಇರುವ ಏಳೆಂಟು ಮನೆ ಆರಿಸಿ. ಪ್ರತಿಯೊಂದನ್ನೂ ನಿಮ್ಮ ಮನೆಗೆ ಸರಿದೂಗಿಸಿ: ಅವರಲ್ಲಿದ್ದು ನಿಮ್ಮಲ್ಲಿಲ್ಲದ್ದನ್ನು (ಈಜುಕೊಳ, ಮೂರನೇ ಕಾರಿನ ಗ್ಯಾರೇಜ್) ಅವರ ಮೌಲ್ಯದಿಂದ ಕಳೆಯಿರಿ, ನಿಮ್ಮಲ್ಲಿದ್ದು ಅವರಲ್ಲಿಲ್ಲದ್ದನ್ನು ಕೂಡಿಸಿ. ಎಷ್ಟು ಎಂಬುದಕ್ಕೆ ಪ್ಯಾಕೆಟ್ಟಿನಲ್ಲಿ ಡಿಸ್ಟ್ರಿಕ್ಟೇ ಹಾಕಿಕೊಂಡ ದರ ಬಳಸಿ, ಆಗ ಅದನ್ನು ಅವರೇ ಅಲ್ಲಗಳೆಯಲಾರರು. ಉದಾಹರಣೆಗೆ ಹೊಂದಿಸಿದ ಮೇಲೆ ಸಾವಿರದ ಲೆಕ್ಕದಲ್ಲಿ 458, 466, 471, 478, 483, 497, 512 ಬಂತು ಅನ್ನಿ. ಸರಾಸರಿ ಬೇಡ, ನಡುವಿನದು ತೆಗೆದುಕೊಳ್ಳಿ: ನಾಲ್ಕನೆಯದು, 4,78,000. ಕಾನೂನು ಕೇಳುವುದು ಈ ಮೀಡಿಯನ್ನನ್ನೇ. ನೀವು ಕೊಂಡ ಬೆಲೆಗಿಂತಲೂ ಅದು ಕೆಳಗಿದೆ ನೋಡಿ, ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇಲ್ಲೊಂದು ಗುಂಡಿ ಇದೆ. ಪಕ್ಕದ ಮನೆಯವರು ಹತ್ತು ವರ್ಷದಿಂದ ಇದ್ದರೆ ಅವರ ಅಪ್ರೈಸ್ಡ್ ಮೌಲ್ಯ ಕ್ಯಾಪಿನಿಂದ ಕೆಳಗಿರುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಮೊದಲ ನಿಮಿಷದಲ್ಲೇ ತಳ್ಳಿಹಾಕುತ್ತಾರೆ. ಹೋಲಿಸಬೇಕಾದ್ದು ಅವರ ಮಾರ್ಕೆಟ್ ವ್ಯಾಲ್ಯೂ ಕಾಲಂ ಅನ್ನು.

ಸಾಮಾನ್ಯವಾಗಿ ಮೊದಲು ಅಪ್ರೈಸರ್ ಜೊತೆ ಅನೌಪಚಾರಿಕ ಮಾತುಕತೆ ಅಥವಾ ಆನ್‌ಲೈನಿನಲ್ಲಿ ಒಂದು ಆಫರ್ ಬರುತ್ತದೆ. ಒಪ್ಪಿದರೆ ಅಲ್ಲಿಗೆ ಮುಗಿಯಿತು, ಆ ವರ್ಷಕ್ಕೆ ಮತ್ತೆ ಕೇಳಲು ಬರುವುದಿಲ್ಲ. ಆತುರಕ್ಕೆ ಬಟನ್ ಒತ್ತಬೇಡಿ. ಹೊಂದದಿದ್ದರೆ ಅಪ್ರೈಸಲ್ ರಿವ್ಯೂ ಬೋರ್ಡ್, ಸಾಮಾನ್ಯವಾಗಿ ಮೂವರ ಸಮಿತಿ, ಕಾಲು ಗಂಟೆಯ ಕೆಲಸ. ಐದು ಪ್ರತಿ ಒಯ್ಯಿರಿ: ಮೂವರಿಗೆ, ಅಪ್ರೈಸರಿಗೆ, ನಿಮಗೆ. ಫೋನ್ ತೆರೆದು ತೋರಿಸಿದ್ದು ದಾಖಲೆಯಲ್ಲಿ ಉಳಿಯದು. ಮೊದಲ ಹಾಳೆಯಲ್ಲಿ ನೀವು ಕೇಳುವ ಮೌಲ್ಯ ಒಂದೇ ಅಂಕಿಯಲ್ಲಿ ಬರೆದಿರಿ. "ತೆರಿಗೆ ಕಟ್ಟಲಾಗುತ್ತಿಲ್ಲ", "ಶಾಲೆಯವರು ದರ ಏರಿಸಿದರು" ಅನ್ನುವುದು ಅಲ್ಲಿ ವ್ಯರ್ಥ. ದರ ಅವರ ಕೈಯಲ್ಲಿಲ್ಲ, ಮೌಲ್ಯ ಮಾತ್ರ. ದಿನ ಹೊಂದದಿದ್ದರೆ, ಏಜೆಂಟ್ ಇಲ್ಲದವರಿಗೆ ಕಾರಣ ಹೇಳದೆ ಒಮ್ಮೆ ಮುಂದೂಡುವ ಹಕ್ಕಿದೆ. ಫೋನಿನಲ್ಲೂ, ಅಫಿಡವಿಟ್ ಮೂಲಕವೂ ಹಾಜರಾಗಬಹುದು. ಏನೂ ಮಾಡದೆ ತಪ್ಪಿಸಿಕೊಂಡರೆ ಮುಂದಿನ ದಾರಿಯೂ ಮುಚ್ಚುತ್ತದೆ.

ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಬೈಂಡಿಂಗ್ ಆರ್ಬಿಟ್ರೇಷನ್ (ಇಬ್ಬರೂ ಒಪ್ಪಲೇಬೇಕಾದ ಮಧ್ಯಸ್ಥರ ತೀರ್ಪು); 5,00,000ವರೆಗಿನ ಹೋಮ್‌ಸ್ಟೆಡ್‌ಗೆ ಠೇವಣಿ 450 ಡಾಲರ್, ಅದರ ಮೇಲೆ 500. ಕೋರ್ಟೂ ಇದೆ, ಇಷ್ಟು ಮೊತ್ತಕ್ಕೆ ಬೇಡ. ಉಳಿತಾಯದಲ್ಲಿ ಪಾಲು ಕೇಳುವ ಏಜೆಂಟರೂ ಬೇಡ, ನಿಮ್ಮಂಥ ಸಾದಾ ಕೇಸಿಗೆ ಒಂದು ಭಾನುವಾರ ಕೂತರೆ ಸಾಕು.

ಇದೇ ಗುಂಪಿನಲ್ಲಿ ಮೇಲೆ ಯಾರೋ ಆರು ಜೇನುಪೆಟ್ಟಿಗೆ ಇಟ್ಟರೆ ತೆರಿಗೆ ಇಳಿಯುತ್ತದೆ ಅಂದಿದ್ದಾರೆ. ಜೇನಿಗೆ ಕೃಷಿ ಮೌಲ್ಯ (ಕೃಷಿ ಭೂಮಿಯೆಂದು ಕಡಿಮೆ ಕಟ್ಟುವ ಮೌಲ್ಯ) ಸಿಗುವುದು 5ರಿಂದ 20 ಎಕರೆಗೆ, ಅದೂ ಹಿಂದಿನ ಏಳು ವರ್ಷದಲ್ಲಿ ಐದು ವರ್ಷ ಕೃಷಿಗೆ ಬಳಸಿದ್ದರೆ. ಅರ್ಧ ಎಕರೆ ಹಿತ್ತಲಿಗೆ ಜೇನುತುಪ್ಪ ಮಾತ್ರ ಸಿಗುತ್ತದೆ.

ಸಾಲವಿದ್ದರೆ ಎಸ್ಕ್ರೋ ಖಾತೆಯನ್ನು (ಕಂತಿನ ಜೊತೆ ಬ್ಯಾಂಕು ತೆರಿಗೆ ಹಣ ಕೂಡಿಡುವ ಖಾತೆ) ಈಗಲೇ ನೋಡಿಕೊಳ್ಳಿ. ಬ್ಯಾಂಕಿನವರು ಹಳೆಯ ಮಾಲೀಕರ 3,90,000ದ ತೆರಿಗೆ ಹಿಡಿದು ಕಂತು ಕಟ್ಟಿದ್ದರೆ, ಪ್ರೊಟೆಸ್ಟ್ ಗೆದ್ದರೂ ಕೊರತೆ ಬಂದೇ ಬರುತ್ತದೆ. ಆದೇಶದ ಪ್ರತಿ ಅವರಿಗೆ ಕಳಿಸಿ ಮರುಲೆಕ್ಕ ಹಾಕಲು ಕೇಳಿ. ವ್ಯಾಜ್ಯ ಮುಗಿಯದೆ ಎಳೆದರೂ ವಿವಾದವಿಲ್ಲದ ಭಾಗದ ತೆರಿಗೆ ಜನವರಿ 31ರೊಳಗೆ ಕಟ್ಟಿರಬೇಕು.