ಟ್ಯಾಕ್ಸಿ ಚಾಲಕರ ಸಮವಸ್ತ್ರ: ಕಾನೂನು, ಬಟ್ಟೆ, ಮಲೆನಾಡಿನ ಮಳೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಟ್ಯಾಕ್ಸಿ ಚಾಲಕರು ಮತ್ತು ಮಾಲೀಕರಿಂದ ಸಮವಸ್ತ್ರದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಚಪ್ಪಲಿ, ಅರ್ಧ ತೋಳಿನ ಷರ್ಟು, ಲುಂಗಿಗೆ ದಂಡ ಇಲ್ಲ ಅಂತ ಕೇಂದ್ರದವರೇ ಹೇಳಿದ್ದಾರೆ ಎನ್ನುವ ಮೆಸೇಜು ನಮ್ಮ ಸ್ಟ್ಯಾಂಡಿನ ಗ್ರೂಪಿನಲ್ಲಿ ಓಡಾಡುತ್ತಲೇ ಇರುತ್ತೆ. ಆದರೆ ಟೀ ಷರ್ಟ್ ಹಾಕಿದ್ದಕ್ಕೆ ನಮ್ಮವರೊಬ್ಬರಿಗೆ ದಂಡ ಬಿತ್ತು. ಯಾವುದನ್ನು ನಂಬೋದು?
– ಟ್ಯಾಕ್ಸಿ ಚಾಲಕ, ಚಿಕ್ಕಮಗಳೂರು

ಎರಡನ್ನೂ ನಂಬಿ. ಒಂದು ಸ್ವಂತ ಗಾಡಿಯವರ ಮಾತು, ಇನ್ನೊಂದು ಬಾಡಿಗೆ ಗಾಡಿಯವರ ಮಾತು. 2019ರ ಸೆಪ್ಟೆಂಬರ್‌ನಲ್ಲಿ ಹೊಸ ದಂಡಗಳು ಜಾರಿಯಾದಾಗ ಗಾಳಿಸುದ್ದಿ ಹೆಚ್ಚಾಗಿ, ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿ ಸ್ಪಷ್ಟನೆ ಕೊಟ್ಟಿತು. ಅರ್ಧ ತೋಳಿನ ಷರ್ಟು, ಲುಂಗಿ, ಚಪ್ಪಲಿ ಇವುಗಳಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ದಂಡವಿಲ್ಲ ಎಂದಿತು. ಗ್ರೂಪಿನಲ್ಲಿ ಓಡಾಡುತ್ತಿರುವುದು ಅದೇ.

ಆದರೆ ಅದೇ 1988ರ ಕಾಯ್ದೆಯ 28ನೇ ಕಲಂ, ಸಾರಿಗೆ ವಾಹನದ ಚಾಲಕರು ಧರಿಸಬೇಕಾದ ಬ್ಯಾಡ್ಜು ಮತ್ತು ಸಮವಸ್ತ್ರದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಮ್ಮಲ್ಲಿರುವುದು 1989ರ ಕರ್ನಾಟಕ ಮೋಟಾರು ವಾಹನಗಳ ನಿಯಮಗಳು. ಹಳದಿ ಬೋರ್ಡಿನ ಗಾಡಿಯ ಸೀಟಿನಲ್ಲಿ ಕೂತರೆ ನೀವು ಆ ನಿಯಮಕ್ಕೆ ಒಳಪಟ್ಟಂತೆ. ಚಾಲಕರನ್ನು ಬಿಟ್ಟು ಆರು ಜನರವರೆಗಿನ ಮೋಟಾರ್ ಕ್ಯಾಬ್ ಆಗಲಿ, ಏಳರಿಂದ ಹನ್ನೆರಡು ಜನರ ಮ್ಯಾಕ್ಸಿ ಕ್ಯಾಬ್ ಆಗಲಿ, ಎರಡೂ ಸಾರಿಗೆ ವಾಹನಗಳೇ. ಬೇರೆ ಶಿಕ್ಷೆ ಹೇಳಿಲ್ಲದ ನಿಯಮ ಮುರಿದರೆ 177ನೇ ಕಲಂ ಅನ್ವಯಿಸುತ್ತದೆ: ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 1,500 ರೂಪಾಯಿವರೆಗೆ.

ಬಣ್ಣದ ವಿಷಯ. ನಮ್ಮ ಕಡೆ ಆಟೊ ಎಂದರೆ ಖಾಕಿ, ಟ್ಯಾಕ್ಸಿ ಎಂದರೆ ಬಿಳಿ ಷರ್ಟು ಎಂದು ರೂಢಿಯಾಗಿದೆ. ರೂಢಿಯನ್ನೇ ನೆಚ್ಚಿ ಹತ್ತು ಜೊತೆ ಹೊಲಿಸಬೇಡಿ. ಪರ್ಮಿಟ್ ಪ್ರತಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ (ಕೆಎ 18 ಆದರೆ ಚಿಕ್ಕಮಗಳೂರು, ಕೆಎ 66 ಆದರೆ ತರೀಕೆರೆ, ಕೆಎ 13 ಹಾಸನ, ಕೆಎ 46 ಸಕಲೇಶಪುರ), ಷರ್ಟಿನ ಬಣ್ಣ, ಪ್ಯಾಂಟಿನ ಬಣ್ಣ, ಬ್ಯಾಡ್ಜು ಮೂರನ್ನೂ ಕೇಳಿ. ಪ್ಯಾಂಟಿನ ಬಣ್ಣ ಕೇಳಲು ಮರೆಯುವವರೇ ಹೆಚ್ಚು.

ಡಿಎಲ್ ಮತ್ತು ಸಮವಸ್ತ್ರ ಒಂದಕ್ಕೊಂದು ಸೇರಿದ ವಿಷಯವಲ್ಲ ಎಂಬುದನ್ನೂ ಹೇಳಬೇಕು. 7,500 ಕೆಜಿವರೆಗಿನ ಲಘು ವಾಹನದ ಲೈಸೆನ್ಸ್ ಇದ್ದವರು ಅದೇ ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅದು ಲೈಸೆನ್ಸಿನ ತೀರ್ಪು. ಅದನ್ನು ತೋರಿಸಿ ಸಮವಸ್ತ್ರ ಬೇಕಿಲ್ಲ ಎಂದು ವಾದಿಸಿದರೆ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮದು ನಾಲ್ಕು ಗಾಡಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಟ್ರಿಪ್ಪೇ ಹೆಚ್ಚು. ಡ್ರೈವರುಗಳಿಗೆ ಒಂದೇ ತರದ ಬಟ್ಟೆ ಹೊಲಿಸಬೇಕು ಅಂತಿದ್ದೀನಿ. ಯಾವ ಬಟ್ಟೆ, ಎಷ್ಟು ಮೀಟರ್, ಎಷ್ಟು ಜೊತೆ?
– ಟ್ರಾವೆಲ್ಸ್ ಮಾಲೀಕ, ಹಾಸನ

ರೆಡಿಮೇಡ್ ಬೇಡ, ಹೊಲಿಸಿ. ರೆಡಿಮೇಡ್ ಷರ್ಟಿನ ಅಳತೆ ನಿಂತವರಿಗೆ ಸರಿಯಾಗುತ್ತದೆ, ಚಾಲಕರು ಕೂತಿರುತ್ತಾರೆ.

ಷರ್ಟಿಗೆ ಪಾಲಿಯೆಸ್ಟರ್ 65, ಹತ್ತಿ 35 ಪಾಲಿನ ಟೆರಿಕಾಟ್ ಮಲೆನಾಡಿಗೆ ಹೊಂದುತ್ತದೆ. ಬೇಗ ಒಣಗುತ್ತದೆ, ಇಸ್ತ್ರಿ ನಿಲ್ಲುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಬಿಸಿಲಿನಲ್ಲಿ ಓಡಾಡುವವರಿಗೆ ಹತ್ತಿಯ ಪಾಲು ಹೆಚ್ಚಿರುವ ಬಟ್ಟೆ ಹಿತ, ಆದರೆ ಅದು ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಕತ್ತರಿಸುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ ಟೈಲರಿಗೆ ಕೊಡಿ. ಹೊಲಿದ ಮೇಲೆ ಕುಗ್ಗಿದರೆ ಮೊದಲು ಬಿಗಿಯುವುದು ಕಾಲರು. ಕಾಲರು ಬಿಗಿದರೆ ಮೇಲಿನ ಗುಂಡಿ ಬಿಚ್ಚುತ್ತಾರೆ, ಅಲ್ಲಿಗೆ ಸಮವಸ್ತ್ರದ ಅಂದ ಮುಗಿಯಿತು.

ಬಿಳಿ ಬಟ್ಟೆಯ ತೂಕ ನೋಡಿ ತೆಗೆದುಕೊಳ್ಳಿ. ಚದರ ಮೀಟರಿಗೆ 130ರಿಂದ 150 ಗ್ರಾಂ ಇರಲಿ. ಅದಕ್ಕಿಂತ ತೆಳುವಾದರೆ ಒಳಗಿನ ಬನಿಯನ್ ಕಾಣುತ್ತದೆ. ಅಂಗಡಿಯಲ್ಲಿ ಒಂದು ಪದರದ ಹಿಂದೆ ಕೈ ಹಿಡಿದು ನೋಡಿ, ಬೆರಳು ಎಣಿಸಲು ಬಂದರೆ ಆ ಥಾನು ಬಿಡಿ. ಪ್ಯಾಂಟಿಗೆ 220ರಿಂದ 250 ಗ್ರಾಂ. 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಮಧ್ಯಮ ಮೈಕಟ್ಟಿನವರಿಗೆ ಷರ್ಟಿಗೆ ಸುಮಾರು 1.6 ಮೀಟರ್, ಪ್ಯಾಂಟಿಗೆ 1.25 ಮೀಟರ್ ಸಾಕು. 36 ಇಂಚು ಪನ್ನವಾದರೆ ಷರ್ಟಿಗೆ 2.25 ಮೀಟರ್ ಬೇಕು.

ಟೈಲರಿಗೆ ಇಷ್ಟು ಬರೆದೇ ಕೊಡಿ. ಷರ್ಟಿನ ಉದ್ದ ಮಾಮೂಲಿಗಿಂತ ಎರಡು ಇಂಚು ಹೆಚ್ಚಿರಲಿ, ಇಲ್ಲದಿದ್ದರೆ ಮೇಲಿನ ಕ್ಯಾರಿಯರಿಗೆ ಲಗೇಜ್ ಎತ್ತಿಡುವಾಗ ಷರ್ಟು ಸೊಂಟದಿಂದ ಹೊರಗೆ ಬರುತ್ತದೆ. ಬೆನ್ನಿನ ನೊಗದ (ಭುಜಕ್ಕೆ ಅಡ್ಡಲಾಗಿ ಹೊಲಿಯುವ ಪಟ್ಟಿಯ) ಕೆಳಗೆ ಎರಡು ಕಡೆ ಪ್ಲೀಟ್ ಇರಲಿ. ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಎರಡೂ ಭುಜ ಮುಂದೆ ಬರುತ್ತವೆ, ಪ್ಲೀಟ್ ಇಲ್ಲದ ಷರ್ಟು ಕಂಕುಳ ಹೊಲಿಗೆಯಲ್ಲೇ ಬಿಡುತ್ತದೆ. ಪ್ಯಾಂಟಿನ ಹಿಂಭಾಗದ ಎತ್ತರ ಅರ್ಧ ಇಂಚು ಹೆಚ್ಚು, ಎರಡು ಕಾಲು ಕೂಡುವ ಕವೆಯಲ್ಲಿ ಜೋಡಿ ಹೊಲಿಗೆ. ಪ್ಯಾಂಟಿನ ಕೆಳತುದಿ ಅಗಲ ಮಾಡಿಸಬೇಡಿ, ಬ್ರೇಕ್ ಪೆಡಲಿನ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಜೇಬು ಬೇಡವೇ ಬೇಡ. ಪರ್ಸಿನ ಮೇಲೆ ಕೂತು ದಿನಕ್ಕೆ ಎಂಟು ತಾಸು ಓಡಿಸಿದರೆ ಸೊಂಟ ಒಂದು ಕಡೆ ವಾಲಿ, ನೋವು ತೊಡೆಯವರೆಗೆ ಇಳಿಯುತ್ತದೆ. ಪರ್ಸಿಗೆ ಮುಂದಿನ ಜೇಬನ್ನೇ ಆಳ ಮಾಡಿಸಿ ಜಿಪ್ ಹಾಕಿಸಿ.

ಬ್ಯಾಡ್ಜಿನ ಜಾಗ ಎಡ ಎದೆಯ ಜೇಬಿನ ಮೇಲೆ. ನಮ್ಮ ಗಾಡಿಗಳಲ್ಲಿ ಚಾಲಕರ ಬೆಲ್ಟು ಬಲ ಭುಜದಿಂದ ಎಡ ಸೊಂಟಕ್ಕೆ ಇಳಿಯುತ್ತದೆ. ಬಲಗಡೆ ಹಾಕಿದ ಬ್ಯಾಡ್ಜು ಬೆಲ್ಟಿನ ಅಡಿಗೆ ಹೋಗುತ್ತದೆ, ಪ್ರಯಾಣಿಕರಿಗೆ ಕಾಣುವುದಿಲ್ಲ. ಗಟ್ಟಿ ಬ್ರೇಕ್ ಹಾಕಿದಾಗ ಪಿನ್ನು ಎದೆಗೇ ಚುಚ್ಚಬಹುದು.

ಒಬ್ಬರಿಗೆ ಬೇಸಿಗೆಗೆ ಮೂರು ಷರ್ಟು, ಎರಡು ಪ್ಯಾಂಟು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ಷರ್ಟು, ಮೂರು ಪ್ಯಾಂಟು ಬೇಕು. ಸಕಲೇಶಪುರದ ಕಡೆ ಬಟ್ಟೆ ಒಣಗಲು ಎರಡು ದಿನ ಹಿಡಿಯುವುದುಂಟು. ಈ ಖರ್ಚು ಮಾಲೀಕರದೇ ಆಗಿರಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸಂಬಳದಲ್ಲಿ ಹಿಡಿದುಕೊಂಡು ಹೊಲಿಸಿದರೆ ಎರಡನೇ ಜೊತೆಯನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ, ಒಂದನ್ನೇ ಹಿಂಡಿ ಹಿಂಡಿ ಹಾಕುತ್ತಾರೆ.

ಪ್ರಶ್ನೆ: ಬಿಳಿ ಷರ್ಟಿನ ಎದೆ ಮೇಲೆ ಓರೆಯಾಗಿ ಕಪ್ಪು ಪಟ್ಟಿ ಬೀಳುತ್ತೆ. ಕಾಲರು, ಕಂಕುಳು ಹಳದಿಯಾಗಿದೆ. ಬ್ಲೀಚಿಂಗ್ ಹಾಕಿದರೆ ಇನ್ನೂ ಹಳದಿಯಾಯ್ತು.
– ಚಾಲಕ, ಹೊಳೆನರಸೀಪುರ

ಕಪ್ಪು ಪಟ್ಟಿ ಷರ್ಟಿನ ದೋಷವಲ್ಲ, ಬೆಲ್ಟಿನದು. ಬೆಲ್ಟಿನಲ್ಲಿ ಬೆವರು, ಧೂಳು, ಕೈಯ ಜಿಡ್ಡು ಕೂತಿರುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆ ಎಳೆದು, ಮೇಲೆ ಸುತ್ತಿಕೊಳ್ಳುವ ಜಾಗದ ಹತ್ತಿರ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ನಿಲ್ಲಿಸಿ. ಬಿಸಿ ಇಲ್ಲದ ನೀರಿಗೆ ಸ್ವಲ್ಪ ಶಾಂಪೂ ಬೆರೆಸಿ, ಮೆದು ಬ್ರಷ್ಷಿನಿಂದ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಕ್ಲಿಪ್ಪು ಹಾಗೇ ಬಿಟ್ಟು ರಾತ್ರಿಯಿಡೀ ಒಣಗಲಿ. ಒದ್ದೆ ಬೆಲ್ಟನ್ನು ಒಳಗೆ ಬಿಟ್ಟರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಬ್ಲೀಚಾಗಲಿ ಆಸಿಡ್ಡಾಗಲಿ ಮುಟ್ಟಿಸಲೇಬೇಡಿ, ಎಳೆ ದುರ್ಬಲವಾಗುತ್ತದೆ. ಅಪಘಾತದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಬೇಕಾದ ಎಳೆ ಅದು. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಪಟ್ಟಿ ಬೀಳುತ್ತದೆಂದು ಬೆಲ್ಟಿನ ಅಡಿಗೆ ಟವೆಲ್ ಹಾಕಿಕೊಳ್ಳುವುದನ್ನು ದಯವಿಟ್ಟು ಬಿಡಿ, ಬೆಲ್ಟು ಭುಜದಿಂದ ಜಾರುತ್ತದೆ.

ಹಳದಿಯಾಗುವುದಕ್ಕೆ ಕಾರಣ ಬೆವರು ಮತ್ತು ಮೈಗೆ ಹಾಕುವ ಬೆವರುತಡೆ ಸ್ಪ್ರೇ. ಆ ಸ್ಪ್ರೇಯಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನೊಂದಿಗೆ ಸೇರಿ ಎಳೆಯಲ್ಲಿ ಕೂರುತ್ತದೆ. ಕ್ಲೋರಿನ್ ಬ್ಲೀಚು ಟೆರಿಕಾಟನ್ನು ಬೆಳ್ಳಗೆ ಮಾಡುವ ಬದಲು ಇನ್ನಷ್ಟು ಹಳದಿ ಮಾಡುತ್ತದೆ, ನಿಮಗೆ ಆಗಿದ್ದು ಅದೇ. ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಕಾಲರು, ಕಂಕುಳಿಗೆ ಹಚ್ಚಿ ಅರ್ಧ ತಾಸು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಗೆಯಿರಿ. ಹಳೆಯ ಕಲೆಗೆ ಎರಡು ಮೂರು ಒಗೆತ ಬೇಕು. ನೀಲಿಯನ್ನು ಕೊನೆಯ ನೀರಿಗೆ ಹಾಕಿ, ಮೊದಲು ನೀರಿಗೆ ಬೆರೆಸಿ ಆಮೇಲೆ ಷರ್ಟು ಅದ್ದಿ. ನೇರ ಸುರಿದರೆ ಮಚ್ಚೆ ಬೀಳುತ್ತದೆ.

ದೇವಸ್ಥಾನದ ಅರಿಶಿನ ತಾಗಿದರೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೇಡ. ಒಗೆದು ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಹೋಗುತ್ತದೆ. ಕೆಸರು ತಾಗಿದರೆ ಒದ್ದೆಯಲ್ಲಿ ಉಜ್ಜಬೇಡಿ. ಒಣಗಿಸಿ, ಕೊಡವಿ, ಆಮೇಲೆ ಒಗೆಯಿರಿ.

ಪ್ರಶ್ನೆ: ನಮ್ಮ ಹೋಂಸ್ಟೇ ಅತಿಥಿಗಳನ್ನು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗೋದು ನಮ್ಮ ಸ್ವಂತ ವೈಟ್ ಬೋರ್ಡ್ ಗಾಡಿಯಲ್ಲಿ. ಡ್ರೈವರಿಗೆ ಬಿಳಿ ಡ್ರೆಸ್ ಹಾಕಿಸಿದರೆ ಸಾಕಾ?
– ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು

ಸಾಲದು. ಹಣ ಪಡೆದು ಕರೆದೊಯ್ದರೆ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ 192ಎ ಕಲಂ ಪ್ರಕಾರ 10,000 ರೂಪಾಯಿ ದಂಡ, ಜೊತೆಗೆ ಆರು ತಿಂಗಳವರೆಗೆ ಜೈಲಿನ ಅವಕಾಶವೂ ಇದೆ. ಮೊದಲು ಹಳದಿ ಬೋರ್ಡು, ಆಮೇಲೆ ಬಟ್ಟೆ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಮಳೆ, ಬೆಳಗಿನ ಜಾವ ಚಳಿ. ಜಾಕೆಟ್ ಹಾಕಿದರೆ ಸಮವಸ್ತ್ರ ಕಾಣಲ್ಲ ಅಂತಾರೆ, ತೆಗೆದರೆ ನಡುಗಬೇಕು.
– ಚಾಲಕ, ಮೂಡಿಗೆರೆ

ತೋಳಿಲ್ಲದ, ಮುಂದೆ ವಿ ಆಕಾರದ ಕತ್ತಿನ ಸ್ವೆಟರನ್ನು ಷರ್ಟಿನ ಮೇಲೆ ಹಾಕಿ. ಕಾಲರು, ತೋಳು ಕಾಣುತ್ತವೆ. ಬ್ಯಾಡ್ಜನ್ನು ಸ್ವೆಟರಿನ ಮೇಲಕ್ಕೆ ಬದಲಿಸಿ. ಇನ್ನೂ ಚಳಿ ಎಂದರೆ ಷರ್ಟಿನ ಒಳಗೆ ಉಣ್ಣೆಯ ಬನಿಯನ್ ಹಾಕಿ, ಹೊರಗೆ ದಪ್ಪ ಜಾಕೆಟ್ ಬೇಡ. ಉಬ್ಬಿದ ಜಾಕೆಟ್ಟಿನ ಮೇಲೆ ಬೆಲ್ಟು ಬಿಗಿಯಾದಂತೆ ಕಾಣುತ್ತದೆ, ಆದರೆ ಡಿಕ್ಕಿಯಾದಾಗ ಜಾಕೆಟ್ಟು ಅಮುಕಿಹೋಗಿ ಬೆಲ್ಟು ಸಡಿಲವಾಗುತ್ತದೆ. ಹಾಕಲೇಬೇಕಾದರೆ ಜಿಪ್ ಬಿಚ್ಚಿ, ಬೆಲ್ಟನ್ನು ಜಾಕೆಟ್ಟಿನ ಒಳಗಿಂದ ಎದೆಗೆ ತಾಗುವಂತೆ ಹಾಕಿಕೊಳ್ಳಿ. ಮಫ್ಲರಿನಿಂದ ಕಿವಿ ಮುಚ್ಚಿದರೆ ತಿರುವಿನಾಚೆಯ ಹಾರ್ನು ಕೇಳುವುದಿಲ್ಲ, ಘಾಟಿಯಲ್ಲಿ ಅದು ಅಪಾಯ.

ಒದ್ದೆ ರೇನ್‌ಕೋಟನ್ನು ಗಾಡಿಯ ಒಳಗೆ ನೇತುಹಾಕಬೇಡಿ. ಅದರ ತೇವವೇ ಗಾಜಿಗೆ ಆವಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಗೆ ಹಾಕಿ. ಗಾಜು ಮಸುಕಾದರೆ ಎಸಿ ಹಾಕಿ, ಹೊರಗಾಳಿ ಒಳಬರುವ ಕಡೆಗೆ ಸ್ವಿಚ್ಚು ತಿರುಗಿಸಿ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲು ಅಥವಾ ತೆಳು ಅಟ್ಟೆಯ ಶೂ. ಹವಾಯಿ ಚಪ್ಪಲಿಗೆ ದಂಡವಿಲ್ಲ ಎಂದ ಮಾತ್ರಕ್ಕೆ ಅದು ಸುರಕ್ಷಿತವೆಂದಲ್ಲ. ಒದ್ದೆಯಾದಾಗ ಹಿಮ್ಮಡಿ ಜಾರಿ, ಚಪ್ಪಲಿ ಮಡಚಿಕೊಂಡು ಬ್ರೇಕಿನ ಅಡಿಗೆ ಹೋಗುತ್ತದೆ, ಪೆಡಲು ಪೂರ್ತಿ ಇಳಿಯುವುದಿಲ್ಲ. ಗಂಬೂಟು ಹಾಕಿ ಇಳಿದು ಕೆಲಸ ಮಾಡಿ, ಗಂಬೂಟಲ್ಲೇ ಓಡಿಸಬೇಡಿ, ಯಾವ ಪೆಡಲಿನ ಮೇಲೆ ಕಾಲಿದೆ ಎಂದೇ ತಿಳಿಯುವುದಿಲ್ಲ. ಸೀಟಿನ ಹಿಂದೆ ಮಿಂಚುವ ಪಟ್ಟಿಯ ಜಾಕೆಟ್ಟೊಂದು ಇರಲಿ, ರಾತ್ರಿ ಘಾಟಿಯಲ್ಲಿ ಟೈರು ಬದಲಿಸುವಾಗ ಮಂಜಿನಲ್ಲಿ ಬಿಳಿ ಷರ್ಟು ಕಾಣುವುದಿಲ್ಲ.

ಪ್ರಶ್ನೆ: ಹೊಸದಾಗಿ ಟ್ಯಾಕ್ಸಿ ಓಡಿಸೋಕೆ ಶುರು ಮಾಡ್ತಿದ್ದೀನಿ. ಪ್ಯಾಂಟ್ ಷರ್ಟೇ ಹಾಕಬೇಕಾ, ಚೂಡಿದಾರ್ ಆಗುತ್ತಾ?
– ಚಾಲಕಿ, ಹಾಸನ

ಚೂಡಿದಾರಿನ ಮೇಲೆ ಸಮವಸ್ತ್ರದ ಬಣ್ಣದ, ಮುಂದೆ ಗುಂಡಿ ಇರುವ ಕೋಟು ಹಾಕಿಕೊಳ್ಳುವುದು ಅನುಕೂಲ. ಆರ್‌ಟಿಒ ಕಚೇರಿಯಲ್ಲಿ ಬಣ್ಣ ಕೇಳುವಾಗ ಇದನ್ನೂ ಕೇಳಿಯೇ ಹೊಲಿಸಿ. ಕೋಟು ಮೊಣಕಾಲಿನ ಮೇಲೆ ನಿಲ್ಲಲಿ, ಎರಡೂ ಬದಿ ಸೀಳಿರಲಿ. ವೇಲ್ ಬೇಡ. ಅದರ ತುದಿ ಬಾಗಿಲಿಗೆ, ಹ್ಯಾಂಡ್‌ಬ್ರೇಕಿಗೆ, ಬೆಲ್ಟಿನ ಬಕಲಿಗೆ ಸಿಕ್ಕಿಕೊಳ್ಳುತ್ತದೆ. ಹಾಕಲೇಬೇಕಾದರೆ ಎರಡೂ ತುದಿಯನ್ನು ಕೋಟಿನೊಳಗೆ ಸೇರಿಸಿ ಪಿನ್ ಮಾಡಿ. ಕೂದಲಿನ ಕ್ಲಿಪ್ಪು ತಲೆಯ ಹಿಂಭಾಗದಲ್ಲಿ ಇದ್ದರೆ ಹೆಡ್‌ರೆಸ್ಟ್‌ಗೆ ತಲೆ ತಾಗುವುದಿಲ್ಲ, ಜಡೆಯೇ ಮೇಲು. ಕೋಟಿಗೆ ಒಳಜೇಬು ಹಾಕಿಸಿ, ಮೊಬೈಲು ಹಣ ಎರಡೂ ಅಲ್ಲಿರಲಿ.

ಪ್ರಶ್ನೆ: ಅಯ್ಯಪ್ಪ ಮಾಲೆ ಹಾಕಿದಾಗ ಕಪ್ಪು ಬಟ್ಟೆ, ಬರಿಗಾಲು. ಆಗ ಗಾಡಿ ಓಡಿಸಬಹುದಾ? ಧರ್ಮಸ್ಥಳಕ್ಕೆ ಹೋದಾಗ ಪಾರ್ಟಿ ಜೊತೆ ನಾವೂ ದರ್ಶನಕ್ಕೆ ಹೋಗೋದಿದ್ದರೆ ಹೇಗೆ?
– ಚಾಲಕ, ಅರಸೀಕೆರೆ

ವ್ರತಕ್ಕೆ ವಿನಾಯಿತಿ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಒಳಗೆ ಕಪ್ಪು ಬನಿಯನ್, ಮೇಲೆ ಸಮವಸ್ತ್ರದ ಷರ್ಟು, ಮಾಲೆ ಷರ್ಟಿನೊಳಗೆ. ಕಪ್ಪು ಪಂಚೆ ಉಟ್ಟು ಓಡಿಸಬೇಡಿ. ಕ್ಲಚ್ ಒತ್ತುವ ಕಾಲಿಗೆ ನೆರಿಗೆ ಸುತ್ತಿಕೊಳ್ಳುತ್ತದೆ. ಬರಿಗಾಲಿನಲ್ಲಿ ಓಡಿಸುವವರು ಪೆಡಲಿನ ರಬ್ಬರು ಸವೆದಿದೆಯೇ ನೋಡಿ, ನುಣ್ಣಗಾಗಿದ್ದರೆ ಮಾಲೆ ಹಾಕುವ ಮೊದಲೇ ಬದಲಿಸಿ. ಸ್ನಾನ ಮಾಡಿ ಬಂದ ಒದ್ದೆ ಪಾದವನ್ನು ಒರೆಸಿ ಕೂರಿ.

ಧರ್ಮಸ್ಥಳದಲ್ಲಿ ಗಂಡಸರು ಷರ್ಟು, ಬನಿಯನ್ ತೆಗೆದು ಒಳಗೆ ಹೋಗಬೇಕು. ಈ ದಾರಿಯ ಟ್ರಿಪ್ಪಿಗೆ ಡಿಕ್ಕಿಯಲ್ಲಿ ಒಂದು ಪಂಚೆ, ಒಂದು ಶಲ್ಯ ಇರುವ ಚೀಲ ಇಟ್ಟುಕೊಳ್ಳಿ. ತೆಗೆದ ಷರ್ಟನ್ನು ಹೆಡ್‌ರೆಸ್ಟಿಗೆ ಸಿಕ್ಕಿಸಬೇಡಿ, ಭುಜದಲ್ಲಿ ಗುಳಿ ಬೀಳುತ್ತದೆ, ಹ್ಯಾಂಗರಿಗೆ ಹಾಕಿ. ಬ್ಯಾಡ್ಜು, ಡಿಎಲ್ ಡ್ಯಾಶ್‌ಬೋರ್ಡಿನ ಬೀಗವಿರುವ ಖಾನೆಗೆ. ಗಾಡಿಯ ಕೀಲಿಯನ್ನು ಪಂಚೆಯ ಉಡಿಗೆ ಸಿಕ್ಕಿಸದೆ ಗಂಟು ಹಾಕಿ ಕಟ್ಟಿಕೊಳ್ಳಿ. ರಿಮೋಟ್ ಕೀಲಿ ಜನಜಂಗುಳಿಯಲ್ಲಿ ಜಾರಿ ಬಿದ್ದರೆ ಪಾರ್ಟಿಯೆಲ್ಲ ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ.