ಕ್ರಿಯೆ, ಪ್ರತಿಕ್ರಿಯೆ ಎರಡೂ ಸಮ ಅಂದರೆ ನಾವು ಮುಂದೆ ಸಾಗುವುದು ಹೇಗೆ?

ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೇ ನಿಯಮ ಇದು. ಬಲಗಳು ಸಮ, ದಿಕ್ಕು ಮಾತ್ರ ಎದುರುಬದುರು. ಹಾಗಿದ್ದರೆ ಎಲ್ಲವೂ ನಿಂತಲ್ಲೇ ನಿಲ್ಲಬೇಕಲ್ವಾ ಅನ್ನಿಸುವುದು ಸಹಜ. ಗುಟ್ಟು ಇಷ್ಟೇ: ಆ ಎರಡು ಬಲಗಳು ಬೀಳುವುದು ಒಂದೇ ವಸ್ತುವಿನ ಮೇಲಲ್ಲ, ಬೇರೆ ಬೇರೆ ವಸ್ತುಗಳ ಮೇಲೆ.

ನಡೆಯುವುದನ್ನೇ ನೋಡಿ. ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ನೆಲ ಅಷ್ಟೇ ಬಲದಿಂದ ಪಾದವನ್ನು ಮುಂದಕ್ಕೆ ತಳ್ಳುತ್ತದೆ. ನಿಮ್ಮನ್ನು ಸಾಗಿಸುವುದು ಈ ಎರಡನೆಯದು. ಇದು ಘರ್ಷಣೆಯಿಂದ ಸಿಗುವ ಬಲ. ಒದ್ದೆ ಟೈಲ್ಸ್ ಮೇಲೆ ಘರ್ಷಣೆ ಕಡಿಮೆ. ಅಲ್ಲಿ ನೆಲವನ್ನು ಜೋರಾಗಿ ತಳ್ಳಲು ಆಗುವುದಿಲ್ಲ, ಹಾಗಾಗಿ ನೆಲವೂ ನಿಮ್ಮನ್ನು ತಳ್ಳುವುದಿಲ್ಲ. ಕಾಲು ಸುಮ್ನೆ ಜಾರುತ್ತದೆ.

ಹಾಗಾದರೆ ಭೂಮಿ ಹಿಂದಕ್ಕೆ ಸರಿಯಲ್ವಾ? ಬಲವೇನೋ ಬೀಳುತ್ತದೆ. ಆದರೆ ಭೂಮಿಯ ದ್ರವ್ಯರಾಶಿ ಸುಮಾರು 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋ. ಅದರ ಎದುರು ನಮ್ಮ ಬಲ ಲೆಕ್ಕಕ್ಕೇ ಬರುವುದಿಲ್ಲ. ಅದೇ ಚಿಕ್ಕ ದೋಣಿಯಿಂದ ದಡಕ್ಕೆ ಹಾರಿದರೆ, ದೋಣಿ ಹಿಂದೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ರಾಕೆಟ್ ಗಾಳಿಯನ್ನು ತಳ್ಳಿ ಮೇಲೇರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ತನ್ನದೇ ಬಿಸಿ ಅನಿಲವನ್ನು ಹಿಂದಕ್ಕೆ ಎಸೆಯುತ್ತದೆ, ಆ ಅನಿಲ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೇ ಗಾಳಿಯೇ ಇಲ್ಲದ ಕಡೆಯೂ ಅದು ವೇಗ ಹೆಚ್ಚಿಸಿಕೊಳ್ಳಬಲ್ಲದು.